ಲೈಕಿನಾಗ ಇಎಂಐ ತುಂಬ್ತದೇನ್ರಿ?

ಊರಲ್ಲಿ ಒಬ್ಬ ಹುಡುಗ ಕ್ಯಾಮೆರಾ ಕೊಂಡ ಅಂತ ಗೊತ್ತಾದರೆ ಸಾಕು, ಬೆಂಗಳೂರಿನಲ್ಲಿ ಕೂತ ನಮ್ಮ ಮಂದಿಗೆ ಉಪದೇಶದ ಜ್ವರ ಬರ್ತದೆ. ಇನ್‌ಸ್ಟಾ ಪೇಜ್ ಮಾಡು. ದಿನಕ್ಕೊಂದು ರೀಲ್ ಹಾಕು. ಬಯೋದಲ್ಲಿ 'ಸ್ಟೋರಿಟೆಲ್ಲರ್' ಅಂತ ಬರಿ. ಪರ್ಸನಲ್ ಬ್ರ್ಯಾಂಡ್ ಕಟ್ಟು. ಇಷ್ಟೆಲ್ಲ ಹೇಳಿದ ಅದೇ ಬಾಯಿ ಆರು ತಿಂಗಳ ಮೇಲೆ ಅದೇ ಹುಡುಗನಿಗೆ ಫೋನ್ ಹಚ್ಚಿ, "ತಮ್ಮಾ, ನಮ್ಮ ತಂಗಿ ಎಂಗೇಜ್‌ಮೆಂಟ್ ಅದ. ಮನಿ ಮಂದಿ ಕಾರ್ಯಕ್ರಮ, ರೇಟ್ ಗೀಟ್ ಅನ್ನಬ್ಯಾಡ. ಎಲ್ಲರೂ ಸ್ಟೋರಿ ಹಾಕಿ ಟ್ಯಾಗ್ ಮಾಡ್ತಾರ, ನಿನಗ ರೀಚ್ ಸಿಗ್ತದ" ಅಂತದೆ.

ರೀಚ್! ಈ ಪದ ಕೇಳಿದರೆ ನನಗೆ ಸಿಟ್ಟು ಬರ್ತದೆ. ಫೈನಾನ್ಸ್ ಕಂಪನಿಯವನು ತಿಂಗಳ ಐದನೇ ತಾರೀಖಿಗೆ ಫೋನ್ ಮಾಡಿದಾಗ "ಸರ್, ಈ ತಿಂಗಳು ರೀಚ್ ಚೆನ್ನಾಗಿತ್ತು" ಅಂದರೆ ಬಿಡ್ತಾನೇನು?

ನಾನು ಹೇಳ್ತಿರೋದು ನನ್ನ ಕಾಕಾನ ಮಗನ ವಿಷಯ. ಕಮಲಾಪುರದವನು. ಕಲಬುರಗಿಯ ಒಂದು ಸ್ಟುಡಿಯೋದಲ್ಲಿ ನಾಲ್ಕು ವರ್ಷ ಲೈಟ್ ಹಿಡಿದು, ವೈರ್ ಸುತ್ತಿ, ಆಮೇಲೆ ವಿಡಿಯೋ, ಆಮೇಲೆ ಕ್ಯಾಂಡಿಡ್ ಕಲಿತ. ಈಗ ಸ್ವಂತ. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಒಂದು ಬೈಕು, ಎರಡು ಕ್ಯಾಮೆರಾ ಬಾಡಿ, ಮೂರು ಲೆನ್ಸು, ಒಂದು ಇಎಂಐ. ಇದಕ್ಕೆ ಫ್ರೀಲಾನ್ಸ್ ಅಂತ ಹೆಸರು. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ಶಾಮಿಯಾನದ ಕೆಳಗೆ ಕ್ಯಾಮೆರಾ ಕಾಯ್ದು 'ಓವರ್‌ಹೀಟ್' ಅಂತ ತಾನೇ ಬಂದ್ ಆಗ್ತದೆ, ಇವನು ಆಗಲ್ಲ.

ಅವನ ಫೋನಿಗೆ ಒಂದು ಜಾಹೀರಾತು ಬಂತು. 99 ರೂಪಾಯಿಗೆ ವೆಡ್ಡಿಂಗ್ ಫೋಟೋಗ್ರಫಿ ಮಾರ್ಕೆಟಿಂಗ್ ಮಾಸ್ಟರ್‌ಕ್ಲಾಸ್. ಎರಡು ಗಂಟೆಯ ಕ್ಲಾಸಿನಲ್ಲಿ ಒಂದೂವರೆ ಗಂಟೆ ಆ ಮೇಷ್ಟ್ರ ಕಾರಿನ ಕಥೆ, ಉಳಿದ ಅರ್ಧ ಗಂಟೆ 14,999 ರೂಪಾಯಿಯ ಮುಂದಿನ ಕೋರ್ಸಿನ ಪ್ರಚಾರ. ಅದನ್ನೂ ಕಟ್ಟಿದ. ಅಲ್ಲಿ ಸಿಕ್ಕ ಮಂತ್ರ: 90 ದಿನ, 90 ರೀಲ್. ಹುಡುಗ ಶಿಸ್ತಿನವನು, ಮಾಡಿದ. ಹಫ್ತ್ ಗುಂಬಜ್ ಹತ್ತಿರ ತೆಗೆದ ಒಂದು ರೀಲ್ ಎರಡು ಲಕ್ಷ ವ್ಯೂ ಹೋಯ್ತು. ಮನೆಯಲ್ಲಿ ಪೇಢೆ ಹಂಚಿದರು. ಆ ರೀಲಿನಿಂದ ಅವನಿಗೆ ಬಂದ ಮೆಸೇಜುಗಳಲ್ಲಿ ಒಂದು ಸಾಲ ಕೊಡೋ ಆ್ಯಪಿನದು, ಒಂದು ಲೈಟ್‌ರೂಮ್ ಪ್ರೀಸೆಟ್ ಮಾರುವವನದು, ಮಿಕ್ಕಿದ್ದೆಲ್ಲ "ನೈಸ್ ಬ್ರೋ". ಮದುವೆ ಆರ್ಡರ್? ಒಂದೂ ಇಲ್ಲ.

ಇದರಲ್ಲಿ ಅವನ ತಪ್ಪೇನಿಲ್ಲ. ಸಾಫ್ಟ್‌ವೇರ್‌ನವನಾಗಿ ಇದನ್ನು ನಾನು ಹೇಳಬಹುದು, ಆ ಯಂತ್ರ ಮಾಡಿರೋದೇ ಬೇರೆ ಕೆಲಸಕ್ಕೆ. ಇನ್‌ಸ್ಟಾಗ್ರಾಮ್ 2010ರಲ್ಲಿ ಬಂದಾಗ ಅದು ಫೋಟೋದ ಆ್ಯಪ್, ಒಪ್ಪಿದೆ. 2016ರಲ್ಲಿ ತಾರೀಖಿನ ಕ್ರಮ ಬಿಟ್ಟು, ಯಾವುದು ಮೇಲೆ ಬರಬೇಕು ಅಂತ ತಾನೇ ತೀರ್ಮಾನ ಮಾಡೋಕೆ ಶುರು ಮಾಡ್ತು. 2020ರ ಜೂನ್ ಕೊನೆಗೆ ನಮ್ಮಲ್ಲಿ ಟಿಕ್‌ಟಾಕ್ ಬ್ಯಾನ್ ಆಯ್ತು, ಜುಲೈನಲ್ಲೇ ರೀಲ್ಸ್ ಬಂದು ಆ ಜಾಗದಲ್ಲಿ ಕೂತಿತು. 2021ರಲ್ಲಿ ಅದರ ಮುಖ್ಯಸ್ಥ ಆ್ಯಡಮ್ ಮೊಸ್ಸೇರಿ ಬಹಿರಂಗವಾಗಿಯೇ ಹೇಳಿಬಿಟ್ಟರು, ನಾವಿನ್ನು ಫೋಟೋ ಹಂಚಿಕೊಳ್ಳೋ ಆ್ಯಪ್ ಅಲ್ಲ ಅಂತ. ಎಲ್ಲರಿಗೂ ಕೇಳಿಸ್ತು, ಪಾಪ ಫೋಟೋಗ್ರಾಫರುಗಳಿಗೆ ಮಾತ್ರ ಕೇಳಿಸಲಿಲ್ಲ. ಆ ಕೋಡಿಗೆ ಬೇಕಾಗಿರೋದು ನೋಡುವವನ ಹೆಬ್ಬೆರಳು ಇನ್ನೊಂದು ನಿಮಿಷ ಅಲ್ಲೇ ಇರಬೇಕು ಅನ್ನೋದು. ನೋಡುವವನು ಪಾಟ್ನಾದಲ್ಲಿದ್ದಾನೋ ಮಹಾಗಾಂವದಲ್ಲಿದ್ದಾನೋ, ಅವನ ಮನೆಯಲ್ಲಿ ಈ ವೈಶಾಖದಲ್ಲಿ ಮದುವೆ ಇದೆಯೋ ಇಲ್ಲವೋ, ಅದು ಅದಕ್ಕೆ ಬೇಕಾಗಿಲ್ಲ. ಕಮಲಾಪುರದ ಫೋಟೋಗ್ರಾಫರ್‌ಗೆ ಬೇಕಾಗಿರೋದು ಅದೊಂದೇ. ದುಡ್ಡು ಕೊಟ್ಟು ಬೂಸ್ಟ್ ಮಾಡಿದರೆ ಕಲಬುರಗಿ ಸುತ್ತಮುತ್ತ ಮಾತ್ರ ತೋರಿಸು ಅನ್ನಬಹುದು, ನಿಜ. ಆದರೆ ಸುತ್ತಮುತ್ತಲಲ್ಲೂ ಅದನ್ನು ನೋಡೋದು ಕಾಲೇಜು ಹುಡುಗರು. ಫೋಟೋದವನು ಯಾರು ಅಂತ ನಿರ್ಧಾರ ಮಾಡೋ ಸೋದರಮಾವ ಆ ಹೊತ್ತಿಗೆ ಗಂಜಿನಲ್ಲಿ ತೊಗರಿ ದರ ಕೇಳ್ತಾ ಇರ್ತಾನೆ.

ಹಂಗಾದರೆ ಸೋದರಮಾವ ಯಾರನ್ನು ಕರೀಬೇಕು ಅಂತ ಹೇಗೆ ನಿರ್ಧಾರ ಮಾಡ್ತಾನೆ? ಎದುರು ಮನೆಯ ಆಲ್ಬಂ ನೋಡಿ.

ನಮ್ಮ ಕಡೆ ಮನೆಗೆ ಹೋದರೆ ಮೊದಲು ನೀರು, ಆಮೇಲೆ ಚಹಾ, ಆಮೇಲೆ ಆಲ್ಬಂ. ಮಗಳ ಮದುವೆ ಆಗಿ ಐದು ವರ್ಷ ಆಗಿರಲಿ, ಮೊಮ್ಮಗ ಶಾಲೆಗೆ ಹೋಗ್ತಿರಲಿ, ಬೀರುವಿನಿಂದ ಆ ಕರಿಜ್ಮಾ ಆಲ್ಬಂ ಪೆಟ್ಟಿಗೆ ಸಮೇತ ಹೊರಗೆ ಬರ್ತದೆ. ಅತ್ತೆ ತೊಡೆ ಮೇಲೆ ಇಟ್ಟುಕೊಂಡು ಒಂದೊಂದೇ ಹಾಳೆ ತಿರುವ್ತಾಳೆ. "ಯಾರು ತಗದಾರ ಇದು? ಚಂದ ಬಂದಾವ." ಕೊನೆಯ ಹಾಳೆಯ ಮೂಲೆಯಲ್ಲಿ ಹೆಸರು, ಫೋನ್ ನಂಬರು. ಅದೇ ಜಾಹೀರಾತು. ಒಂದು ಸಲ ಪ್ರಿಂಟಾದರೆ ಹತ್ತು ವರ್ಷ ಓಡೋ ಜಾಹೀರಾತು, ಅದೂ ಮನೆ ಯಜಮಾನತಿ ತಾನೇ ಕೈಯಾರೆ ತೋರಿಸೋ ಜಾಹೀರಾತು. ನನ್ನ ತಮ್ಮನಿಗೆ ಇಲ್ಲಿತನಕ ಬಂದ ಆರ್ಡರುಗಳ ಬೇರು ಹುಡುಕಿದರೆ ಬಹುತೇಕ ಎಲ್ಲವೂ ಯಾವುದೋ ಮನೆಯ ಟೀಪಾಯಿಗೇ ಹೋಗಿ ನಿಲ್ತವೆ. ಅದು ಬಿಟ್ಟರೆ ಪೆಂಡಾಲಿನವನು, ಅಡುಗೆಯವನು, ಕಲ್ಯಾಣ ಮಂಟಪದ ಮ್ಯಾನೇಜರು. "ಫೋಟೋಕ್ಕ ಯಾರನ್ನ ಹೇಳೀರಿ? ಈ ಹುಡುಗನ್ನ ಕರೀರಿ, ಟೈಮಿಗೆ ಬರ್ತಾನ" ಅಂತ ಅವರು ಅನ್ನಬೇಕು. ಟೈಮಿಗೆ ಬರ್ತಾನ. ಇದಕ್ಕಿಂತ ದೊಡ್ಡ ಬ್ರ್ಯಾಂಡ್ ಕಲಬುರಗಿಯಲ್ಲಿ ಇಲ್ಲ.

ಈ ಜಾಹೀರಾತು ನಿಂತಿರೋದು ಆಲ್ಬಂ ತಯಾರಾಗೋದರ ಮೇಲೆ. ಅದನ್ನು ತಡೆ ಹಿಡಿದವರು ಯಾರು ಗೊತ್ತೇನು? ಲೆಕ್ಕ ಹಾಕಿ ತೋರಿಸ್ತೀನಿ.

ಅವನ ಒಂದು ಮದುವೆಯ ಲೆಕ್ಕ ಇದು. ಎರಡು ದಿನ, ಒಟ್ಟು 45,000 ರೂಪಾಯಿ. ಜೊತೆಗೆ ಕರೆದೊಯ್ಯೋ ಕ್ಯಾಂಡಿಡ್ ಹುಡುಗನಿಗೆ ದಿನಕ್ಕೆ 4,000ದಂತೆ 8,000. ವಿಡಿಯೋದವನಿಗೆ 3,000ದಂತೆ 6,000. ವಿಡಿಯೋ ಎಡಿಟಿಂಗ್ 5,000. ಪೆಟ್ರೋಲು, ಹಾರ್ಡ್ ಡಿಸ್ಕು 2,000. ಆಲ್ಬಂ ಡಿಸೈನ್ 3,000, ಹುಡುಗನ ಕಡೆಗೊಂದು ಹುಡುಗಿ ಕಡೆಗೊಂದು ಆಲ್ಬಂ ಪ್ರಿಂಟಿಗೆ 9,000. ಒಟ್ಟು 33,000 ಖರ್ಚು, ಉಳಿಯೋದು 12,000. ಕ್ಯಾಮೆರಾ ಸವೆತ ಇದರಲ್ಲಿ ಸೇರಿಲ್ಲ, ಅವನ ಸೊಂಟದ ಸವೆತವೂ ಸೇರಿಲ್ಲ. ಈಗ ದುಡ್ಡು ಬಂದ ರೀತಿ ನೋಡಿ. ಅಡ್ವಾನ್ಸ್ 10,000. ಮದುವೆ ದಿನ, "ಈಗ ಕೈಯಾಗ ಇಷ್ಟೇ ಅದ" ಅಂತ ಇನ್ನೊಂದು 10,000. ಉಳಿದ 25,000 ಆಲ್ಬಂ ಕೊಟ್ಟ ಮೇಲೆ. ಆ ಹೊತ್ತಿಗೆ ಅವನ ಕೈಯಿಂದ ಹೋಗಿದ್ದು 21,000. ಅಂದರೆ ಎರಡು ದಿನ ನಿದ್ದೆಗೆಟ್ಟು ದುಡಿದು ಮನೆಗೆ ಬಂದಾಗ ಅವನ ಗಳಿಕೆ ಮೈನಸ್ ಒಂದು ಸಾವಿರ. ಲಾಭ ಅನ್ನೋದು ಪೂರಾ ಆಲ್ಬಂ ಒಳಗೆ ಸಿಕ್ಕಿಕೊಂಡಿದೆ.

ಆಲ್ಬಂ ಯಾಕೆ ತಯಾರಾಗಿಲ್ಲ? ಫೋಟೋ ಸೆಲೆಕ್ಷನ್ ಆಗಿಲ್ಲ. ಯಾಕೆ ಆಗಿಲ್ಲ? ಸೆಲೆಕ್ಷನ್ ಮಾಡಬೇಕಾದ ಮದುಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ನಮ್ಮಂಗೆ ಸಾಫ್ಟ್‌ವೇರ್ ಇಂಜಿನಿಯರು. 2,400 ಫೋಟೋ ಡ್ರೈವ್ ಲಿಂಕಿನಲ್ಲಿ ಕಳಿಸಿ ಆಗಿದೆ, 150 ಆರಿಸಿ ಕಳಿಸಬೇಕು. "ಈ ವೀಕೆಂಡ್ ನೋಡ್ತೀನಿ ಬ್ರೋ." ಆ ವೀಕೆಂಡ್ ಬರಲ್ಲ. ಮೇ ತಿಂಗಳ ಮದುವೆ, ಗಣೇಶನ ಹಬ್ಬ ಹೋಯ್ತು, ದೀಪಾವಳಿ ಹೋಯ್ತು. ಹೆಂಡತಿ ಆರಿಸಿದ್ದು ಅತ್ತೆಗೆ ಸೇರಲಿಲ್ಲ ಅಂತ ಮತ್ತೆ ಎರಡು ತಿಂಗಳು. ನಮ್ಮ ಆಫೀಸಿನಲ್ಲಿ ಒಂದು ಟಿಕೆಟ್ ಎರಡು ದಿನ ಅಲುಗಾಡದಿದ್ದರೆ ಮ್ಯಾನೇಜರ್ ಪಿಂಗ್ ಮಾಡ್ತಾನೆ, ಮೂರನೇ ದಿನ ಸ್ಟ್ಯಾಂಡಪ್ಪಿನಲ್ಲಿ ಮಾನ ಹರಾಜು. ಇಲ್ಲಿ ಒಬ್ಬನ ಲಾಭವೆಲ್ಲ ಆರು ತಿಂಗಳು ನಮ್ಮ ಇನ್‌ಬಾಕ್ಸಿನಲ್ಲಿ ಕೂತಿರ್ತದೆ, ಕೇಳಿದರೆ "ಪುಶಿ" ಅಂತೀರಿ. ಒಮ್ಮೆ ನೆನಪು ಮಾಡಿದ್ದಕ್ಕೆ ಒಬ್ಬ ಗಿರಾಕಿ ಇವನಿಗೆ 'ಪ್ರೊಫೆಷನಲ್ ಆಗಿರು' ಅಂತ ಇಂಗ್ಲಿಷಿನಲ್ಲಿ ಬರೆದಿದ್ದ.

ದುಡ್ಡು ತಡ ಆಗೋದು ಒಂದು ಹೊಡೆತ. ಇನ್ನೊಂದು ಹೊಡೆತ ಯಾರಿಗೂ ಕಾಣಲ್ಲ. ಆ ಆಲ್ಬಂ ಮೇ ತಿಂಗಳ ಮದುವೆಗೆ ಜುಲೈನಲ್ಲಿ ಮನೆ ಮುಟ್ಟಿದ್ದರೆ, ಕಾರ್ತಿಕದ ಮದುವೆಗಳನ್ನು ಗೊತ್ತು ಮಾಡೋಕೆ ಬಂದ ನೆಂಟರೆಲ್ಲ ಅದನ್ನು ನೋಡ್ತಿದ್ದರು. ಇಡೀ ಒಂದು ಸೀಸನ್ನಿನ ಪ್ರಚಾರವನ್ನು ನಾವು ಲಿಂಕ್ ಓಪನ್ ಮಾಡದೆ ಕೊಂದು ಹಾಕಿ, ಮೇಲಿಂದ ಅವನಿಗೆ "ಮಾರ್ಕೆಟಿಂಗ್ ವೀಕ್ ಅದ ನಿಂದು" ಅಂತ ಸರ್ಟಿಫಿಕೇಟ್ ಕೊಡ್ತೀವಿ.

ಟ್ಯಾಗ್ ವಿಷಯಕ್ಕೆ ಬಂದೆವು ಅಂದ್ರೆ, ಕಮಲಾಪುರದವರಿಗೆ ಟ್ಯಾಗ್ ಬಗ್ಗೆ ನೀವು ಹೇಳಿಕೊಡೋದು ಬೇಡ. ನಮ್ಮ ಕೆಂಪು ಬಾಳೆಗೆ ಜಿಐ ಟ್ಯಾಗ್ ಅದೆ. ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಹೊಲದಲ್ಲಿ ನಿಲ್ತದೆ, ಹೆಚ್ಚು ಖರ್ಚು ಬೇಡ್ತದೆ. ಟ್ಯಾಗ್ ಬಂತು ಅಂತ ಯಾವ ರೈತನೂ ಮರುದಿನ ಗಿಡ ಹಚ್ಚಲಿಲ್ಲ. ದರ ಸಿಗ್ತದೆ ಅನ್ನಿಸಿದವನು ಹಚ್ಚಿದ, ಇಲ್ಲ ಅನ್ನಿಸಿದವನು ಬಿಟ್ಟ.

ಇನ್ನೊಂದು ನಾಟಕ ಅದೆ. ಊರಿನವರೇ, ಐಟಿಯಲ್ಲಿ ಒಳ್ಳೆ ಸಂಬಳ, ಮದುವೆ ಕಲಬುರಗಿಯಲ್ಲಿ. "ನಮ್ಮ ಕಡೆ ಒಳ್ಳೆಯವರು ಸಿಗಲ್ಲ" ಅಂತ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಟೀಮ್ ತರಿಸ್ತಾರೆ. ಲಕ್ಷಗಟ್ಟಲೆ ರೇಟು, ಜೊತೆಗೆ ಪ್ರಯಾಣ, ಲಾಡ್ಜು, ಊಟ. ಆ ಟೀಮಿನವರು ಬರೋದು ಇಬ್ಬರು. ಉಳಿದ ಮೂವರನ್ನು ಎಲ್ಲಿಂದ ತರ್ತಾರೆ? ಇಲ್ಲಿಂದಲೇ. ನನ್ನ ತಮ್ಮನಂಥವರನ್ನೇ ದಿನಗೂಲಿ ಲೆಕ್ಕದಲ್ಲಿ. ಅಕ್ಷತೆ ಬೀಳೋ ಕ್ಷಣ, ತಾಯಿ ಕಣ್ಣೊರೆಸಿಕೊಂಡ ಕ್ಷಣ ಹಿಡಿದವನು ಇವನು. ಕಾರ್ಡ್ ಅಲ್ಲೇ ಖಾಲಿ ಮಾಡಿ ಕೊಟ್ಟು ಬರಬೇಕು, ಒಂದು ಫೋಟೋವನ್ನೂ ತನ್ನದು ಅಂತ ತೋರಿಸೋ ಹಾಗಿಲ್ಲ. ಒಂದು ತಿಂಗಳಾದ ಮೇಲೆ ಅದೇ ಫೋಟೋ ಆ ಟೀಮಿನ ಪೇಜಿನಲ್ಲಿ ಬಂದಾಗ ನಮ್ಮವರು ಇವನಿಗೇ ಫಾರ್ವರ್ಡ್ ಮಾಡಿ, "ನೋಡು, ಹಿಂಗ ತಗೀಬೇಕು" ಅಂತಾರೆ. ಅವನು ಒಂದು ಥಂಬ್ಸ್‌ಅಪ್ ಹಾಕಿ ಸುಮ್ಮನಾದ. ನಾನಾಗಿದ್ದರೆ ಬೈದಿರ್ತಿದ್ದೆ.

ಮಾರ್ಕೆಟಿಂಗ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಮಾರ್ಕೆಟಿಂಗ್ ಅಂದರೇನು ಅಂತ ನೋಡಬೇಕಾದರೆ ಆ ಕಾರಿನ ಮೇಷ್ಟ್ರನ್ನು ಬಿಟ್ಟು ನಮ್ಮದೇ ಹಳೇ ಸಂಸ್ಥಾನದ ಕಡೆ ನೋಡಿ. ಕಲಬುರಗಿ ಆಗ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಫೋಟೋಗ್ರಾಫರ್ ಲಾಲಾ ದೀನ್ ದಯಾಳ್. 1844ರಲ್ಲಿ ಮೀರತ್ ಹತ್ತಿರದ ಸರ್ಧಾನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಲಿತು, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ತೆಗೆಯೋ ನೌಕರಿ ಮಾಡ್ತಿದ್ದ ಮನುಷ್ಯ. (ಇಂಜಿನಿಯರಿಂಗ್ ಓದಿ ಕ್ಯಾಮೆರಾ ಹಿಡಿಯೋದು ಇವತ್ತಿನ ಫ್ಯಾಷನ್ ಅಂದುಕೊಂಡವರು ಗಮನಿಸಿ.) 1894ರಲ್ಲಿ ನಿಜಾಮರು 'ರಾಜಾ ಮುಸವ್ವಿರ್ ಜಂಗ್' ಅಂತ ಬಿರುದು ಕೊಟ್ಟರು. ಬಿರುದು ಇರಲಿ. 1892ರಲ್ಲಿ ಹೈದರಾಬಾದಿನಲ್ಲಿ ಅವರು ಮಾಡಿದ್ದು ಕೇಳಿ. ಪರ್ದಾ ಪಾಲಿಸೋ ಹೆಂಗಸರು ಸ್ಟುಡಿಯೋಕ್ಕೆ ಬರ್ತಿರಲಿಲ್ಲ. ಅವರಿಗೆ ಫೋಟೋ ಬೇಡ ಅಂತೇನೂ ಅಲ್ಲ, ಗಂಡಸು ಕ್ಯಾಮೆರಾ ಹಿಂದೆ ನಿಲ್ತಾನೆ ಅಂತ. ದೀನ್ ದಯಾಳ್ ಹೆಂಗಸರಿಗಾಗಿಯೇ ಬೇರೆ ಜನಾನಾ ಸ್ಟುಡಿಯೋ ತೆಗೆದರು, ನಡೆಸೋಕೆ ಒಬ್ಬ ಇಂಗ್ಲಿಷ್ ಮಹಿಳೆಯನ್ನೇ ನೇಮಿಸಿದರು. ಬಾಗಿಲಿಗೆ ಬರದ ಗಿರಾಕಿ ಯಾಕೆ ಬರ್ತಿಲ್ಲ ಅಂತ ವಿಚಾರ ಮಾಡಿ ಆ ಅಡ್ಡಿ ತೆಗೆದರು. ನನ್ನ ಪ್ರಕಾರ ಮಾರ್ಕೆಟಿಂಗ್ ಅಂದ್ರೆ ಇದು.

ಅದೇ ಕಣ್ಣಿನಿಂದ ಈಗಿನ ಕಲಬುರಗಿ ನೋಡಿ. ಮಗಳ ಅರಿಶಿನದ ಫೋಟೋ, ಮೆಹೆಂದಿ ಫೋಟೋ ಇನ್‌ಸ್ಟಾದಲ್ಲಿ ಹರಿದಾಡೋದು ಬೇಡ ಅನ್ನೋ ಮನೆಗಳು ಬೇಕಾದಷ್ಟಿವೆ, ಮುಸ್ಲಿಮರಲ್ಲೂ ಲಿಂಗಾಯತರಲ್ಲೂ. ಅಂಥವರು ಪೇಜಿನಲ್ಲಿ ರಾಶಿ ರಾಶಿ ಮದುಮಗಳ ಮುಖ ನೋಡಿದ ಕೂಡಲೇ "ಇವ ನಮ್ಮ ಹುಡುಗಿದೂ ಹಾಕ್ತಾನ" ಅಂತ ದೂರ ಹೋಗ್ತಾರೆ. ಕೋರ್ಸಿನ ಮೇಷ್ಟ್ರು ದಿನಾ ಹಾಕು ಅಂತಾನೆ; ಇಲ್ಲಿ ಹಾಕಿದ್ದಕ್ಕೇ ಗಿರಾಕಿ ಹೋಗ್ತಾನೆ. ಕಾನೂನೂ ಮೇಷ್ಟ್ರ ಕಡೆ ಇಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೋದ ಮೊದಲ ಮಾಲೀಕರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿಕೊಂಡವರೇ. ಕೇಳದೆ ರೀಲ್ ಮಾಡೋಕೆ ಅದು ಅವನ ಸ್ವತ್ತಲ್ಲ. ನನ್ನ ತಮ್ಮ ಈಗ ಬುಕಿಂಗ್ ಚೀಟಿಯಲ್ಲಿ ಒಂದು ಸಾಲು ಅಚ್ಚು ಹಾಕಿಸಿದ್ದಾನೆ: ನಿಮ್ಮ ಒಪ್ಪಿಗೆ ಇಲ್ಲದೆ ಒಂದು ಫೋಟೋವನ್ನೂ ಎಲ್ಲೂ ಹಾಕುವುದಿಲ್ಲ. ಹೆಣ್ಣುಮಕ್ಕಳ ಕಾರ್ಯಕ್ರಮಕ್ಕೆ ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗಿ ಕ್ಯಾಮೆರಾ ಹಿಡಿದು ಬರ್ತಾಳೆ. ಆ 90 ರೀಲು ತರದೇ ಇದ್ದ ಆರ್ಡರನ್ನು ಈ ಒಂದು ಸಾಲು ತಂದಿದೆ, ಎರಡು ಮನೆಯಿಂದ.

ಕ್ಯಾಲೆಂಡರಿನ ಲೆಕ್ಕವೂ ಅಷ್ಟೇ, ಯಾವ ಕೋರ್ಸಿನಲ್ಲೂ ಹೇಳಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸ ಬಂತು ಅಂದ್ರೆ ನಮ್ಮಲ್ಲಿ ಮದುವೆ ಇಲ್ಲ, ಆದರೆ ಇಎಂಐಗೆ ಆಷಾಢ ಇಲ್ಲ. ಮುಸ್ಲಿಂ ಮನೆಗಳ ಮದುವೆ ಹಿಜರಿ ಲೆಕ್ಕದ ಮೇಲೆ. ಆ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಹೀಗಾಗಿ ಮೊಹರಂ, ರಮಜಾನ್ ಪ್ರತಿ ವರ್ಷ ಹಿಂದೆ ಸರಿತಾ ಹೋಗ್ತವೆ. ಒಂದೊಂದು ವರ್ಷ ಇಬ್ಬರ ಖಾಲಿ ತಿಂಗಳೂ ಒಂದರ ಮೇಲೊಂದು ಬಂದು ಕೂತು ಹೊಟ್ಟೆ ಮೇಲೆ ಹೊಡೀತವೆ. ಬಹಳಷ್ಟು ವರ್ಷ ಹಂಗಾಗಲ್ಲ, ಒಬ್ಬರ ಖಾಲಿ ತಿಂಗಳಿಗೆ ಇನ್ನೊಬ್ಬರ ಶಾದಿ ಇರ್ತದೆ. ಬಂದೇನವಾಜ್ ದರ್ಗಾದ ಓಣಿಯಲ್ಲೂ ಶರಣಬಸವೇಶ್ವರ ಗುಡಿಯ ಓಣಿಯಲ್ಲೂ ಫೋನ್ ನಂಬರ್ ಇರೋ ಫೋಟೋಗ್ರಾಫರ್ ವರ್ಷಪೂರ್ತಿ ಉಣ್ತಾನೆ. ಕಾರ್ಡಿನ ಹಿಂದೆ ಉರ್ದುವಿನಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸೋಕೆ ಎಷ್ಟಾಗ್ತದೆ? 14,999 ಅಂತೂ ಆಗಲ್ಲ.

ರೇಟು ಬಚ್ಚಿಡೋ ಚಾಳಿ ಬಗ್ಗೆ ಒಂದು ಮಾತು. 'ಪ್ರೈಸಿಗೆ ಡಿಎಂ ಮಾಡಿ' ಅಂತ ಬರೆಯೋದು ದೊಡ್ಡ ಊರಿನ ಸ್ಟೈಲು. ನಮ್ಮ ಕಾಕಾ, ಮಾವಂದಿರು ಡಿಎಂ ಮಾಡಲ್ಲ. ಅವರು "ಏಟ್ ಆಗ್ತದ ಒಂದ್ ಮಾತ್ ಹೇಳು" ಅಂತಾರೆ, ಹೇಳಿದರೆ ಐದು ಸಾವಿರ ಕಡಿಮೆ ಮಾಡು ಅಂತಾರೆ, ಮಾಡಲ್ಲ ಅಂದರೆ ಚಹಾ ತರಿಸ್ತಾರೆ. ರೇಟು, ಏನೇನು ಸೇರಿದೆ, ಆಲ್ಬಂ ಎಷ್ಟು ದಿನಕ್ಕೆ, ಬಾಕಿ ಯಾವಾಗ, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಅರ್ಧ ಜಗಳ ಹುಟ್ಟಲ್ಲ. ಇನ್‌ಸ್ಟಾ ಪೇಜು ಇರಲಿ. ಹೆಸರು ಕೇಳಿದ ಮೇಲೆ ಹುಡುಗ ಹುಡುಗಿ ಒಮ್ಮೆ ತೆಗೆದು ನೋಡ್ತಾರೆ, ಹದಿನೈದು ಒಳ್ಳೆ ಫೋಟೋ ಅಲ್ಲಿದ್ದರೆ ಸಾಕು. ಅದು ವಿಸಿಟಿಂಗ್ ಕಾರ್ಡು, ಅಂಗಡಿಯಲ್ಲ. ಗೂಗಲ್ ಮ್ಯಾಪಿನಲ್ಲಿ ಹೆಸರು ಹಾಕೋದು ಪುಕ್ಕಟೆ. ಅಲ್ಲಿ ನೀವು ಐದು ಸ್ಟಾರ್ ಒತ್ತಿ ಸುಮ್ಮನಾಗದೆ "ಬೆಳಿಗ್ಗೆ 5ಕ್ಕೆ ಬಾ ಅಂದ್ರೆ 4:45ಕ್ಕೆ ಬಂದಿದ್ದ" ಅಂತ ಒಂದು ಸಾಲು ಕನ್ನಡದಲ್ಲಿ ಬರೆದರೆ, ನಿಮ್ಮ ನೂರು ಸ್ಟೋರಿ ಟ್ಯಾಗಿಗಿಂತ ಅದು ಅವನಿಗೆ ಹೆಚ್ಚು.

ಹೋದ ವಾರ ತಮ್ಮನ ಜೊತೆ ಮಾತಾಡಿದೆ. ಬಾಕಿ ಎಷ್ಟು ಅದ ಅಂತ ಕೇಳಿದ್ದಕ್ಕೆ, "ಅಣ್ಣಾ, ಏಳು ಮದ್ವಿ ಸೆಲೆಕ್ಷನ್ ಬಾಕಿ ಅವ. ಅದ್ರಾಗ ಐದು ಬೆಂಗಳೂರಿನವ್ರದೇ. ನಾ ಕೇಳಿದ್ರ ಸಿಟ್ಟಿಗೇಳ್ತಾರ, ನೀನ ಒಂದ್ ಮಾತ್ ಬರಿ" ಅಂದ. ಬರೆದಿದ್ದೀನಿ. ಆ ಐದು ಮಂದಿ ಇದನ್ನು ಓದ್ತಾರೋ ಇಲ್ಲವೋ ಗೊತ್ತಿಲ್ಲ, ಆದರೆ ಇದನ್ನು ಓದ್ತಿರೋ ನಿಮ್ಮಲ್ಲೂ ಕೆಲವರ ಮೇಲಿನಲ್ಲಿ ಅಂಥದ್ದೇ ಒಂದು ಡ್ರೈವ್ ಲಿಂಕ್ ಇರ್ತದೆ. ಹೋದ ವರ್ಷದ್ದೂ ಇರಬಹುದು. ಇವತ್ತು ರಾತ್ರಿ ಊಟ ಆದ ಮೇಲೆ ಅದನ್ನು ತೆಗೀರಿ. 150 ಫೋಟೋ ಆರಿಸೋಕೆ ಒಂದೂವರೆ ಗಂಟೆ ಸಾಕು. ನಂಬರು ಬರೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಡಿಸೈನಿಗೂ ಪ್ರಿಂಟಿಗೂ ಆಗುವಷ್ಟು ದುಡ್ಡು ಜೊತೆಗೇ ಹಾಕಿ. ಬಾಕಿದ್ದು ಆಲ್ಬಂ ಬಂದ ದಿನ ಕೊಡಿ, ಊರಲ್ಲಿರೋ ಅಮ್ಮನ ಕೈಯಲ್ಲಿ ಕೊಡಿಸಿ.